ಬದಲಿಸಬೇಕಾದ್ದು ಬ್ಯಾಟರಿಯೋ ಫೋನೋ: 52 ತಿಂಗಳ ಗ್ಯಾಲಕ್ಸಿ ಎಸ್21ರ ಒಂದು ಪ್ರಕರಣ

2021ರ ಮಾರ್ಚ್‌ನಲ್ಲಿ ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21. 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್. 2025ರ ಜುಲೈಗೆ ಅದಕ್ಕೆ 52 ತಿಂಗಳು ತುಂಬಿತ್ತು. ಪರದೆ ಒಡೆದಿಲ್ಲ, ನೀರಿಗೆ ಬಿದ್ದಿಲ್ಲ, ಒಮ್ಮೆಯೂ ಬಿಚ್ಚಿಲ್ಲ. ಬಳಸುವವರು ದಿನದ ಬಹುಪಾಲು ಹೊರಗಡೆ ಓಡಾಡುವ ಕೆಲಸದವರು. ಕರೆ, ವಾಟ್ಸ್ಆ್ಯಪ್, ಮ್ಯಾಪ್, ಬ್ಯಾಂಕ್ ಆ್ಯಪ್, ಮಕ್ಕಳ ಫೋಟೊ, ಇಷ್ಟೇ ಬಳಕೆ, ಗೇಮ್ ಆಡುವುದಿಲ್ಲ. ಅದೇ ಸರಣಿಯ ಎಸ್25 ಕೊಳ್ಳುವುದೆಂದು ಹೆಚ್ಚೂಕಡಿಮೆ ತೀರ್ಮಾನವೂ ಆಗಿತ್ತು. ಕೊಳ್ಳುವ ಮುನ್ನ ಎರಡು ವಾರ ತಡೆದು, ಹಳೆಯದರಲ್ಲಿ ಕೆಟ್ಟಿರುವುದು ಏನೆಂದು ಒಂದೊಂದಾಗಿ ನೋಡಲಾಯಿತು.

ದೂರುಗಳು ಐದು. ಮಧ್ಯಾಹ್ನ ಮೂರರ ಹೊತ್ತಿಗೆ ಚಾರ್ಜ್ ಮುಗಿಯುತ್ತದೆ. ಶೇ 14–15 ಉಳಿದಿರುವಾಗ ಕ್ಯಾಮೆರಾ ತೆರೆದರೆ ಫೋನ್ ಪಟ್ಟನೆ ಆಫ್ ಆಗುತ್ತದೆ. ಎಲ್ಲವೂ ನಿಧಾನ, ಕೀಬೋರ್ಡ್ ಮೇಲೇಳುವುದಕ್ಕೂ ಹೊತ್ತು ಹಿಡಿಯುತ್ತದೆ. ಫೋಟೊಗಳು ಮಂಜು ಕವಿದಂತೆ ಬರುತ್ತವೆ. ಪೂರ್ತಿ ಚಾರ್ಜ್ ಆಗಲು ಎರಡು ಗಂಟೆಗೂ ಮೇಲೆ ಬೇಕು. ಆರನೆಯದೊಂದಿತ್ತು, ಅದನ್ನು ಬಳಕೆದಾರರು ಹೇಳಲೇ ಇಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುವಂಥದ್ದಲ್ಲ. ಕೊನೆಗೆ ತೀರ್ಮಾನವನ್ನು ಮಾಡಿದ್ದು ಅದೇ.

ಐದು ದೂರುಗಳನ್ನೂ ಒಟ್ಟಿಗೆ ಕಟ್ಟಿ "ಫೋನ್ ಹಳೆಯದಾಯಿತು" ಎಂದುಬಿಟ್ಟರೆ ಪರಿಹಾರವೂ ಒಂದೇ ಕಾಣುತ್ತದೆ, ಹೊಸದು ಕೊಳ್ಳುವುದು. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ದೂರಿಗೂ ಬೇರೆ ಕಾರಣ, ಬೇರೆ ಖರ್ಚು. ಖರ್ಚಿಲ್ಲದವನ್ನು ಮೊದಲು ಮುಗಿಸಿದ್ದಾಯಿತು.

ಖರ್ಚಿಲ್ಲದೆ ಹೋದ ಮೂರು ದೂರುಗಳು

ನಿಧಾನದ್ದು ಮೊದಲು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಕೇರ್, ಅಲ್ಲಿ ಸ್ಟೋರೇಜ್ ತೆರೆದಾಗ ಉಳಿದದ್ದು 4 ಜಿಬಿ. ಇಲ್ಲೇ ಅರ್ಧ ಉತ್ತರ ಸಿಕ್ಕಿತು. ಫೋನ್‌ನ ಸ್ಟೋರೇಜ್ ಎಂದರೆ ಫ್ಲ್ಯಾಶ್ ಮೆಮೊರಿ, ಅದರಲ್ಲಿ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬರುವುದಿಲ್ಲ. ಒಂದು ದೊಡ್ಡ ಬ್ಲಾಕ್ ಪೂರ್ತಿ ಅಳಿಸಿದ ಮೇಲೆಯೇ ಅದು ಮತ್ತೆ ಬಳಕೆಗೆ ಸಿಗುತ್ತದೆ. ಖಾಲಿ ಜಾಗ ಧಾರಾಳವಾಗಿದ್ದರೆ ಸ್ಟೋರೇಜ್ ನಿಭಾಯಿಸುವ ಕಂಟ್ರೋಲರ್ ಈ ಅಳಿಸುವ ಕೆಲಸವನ್ನು ಹಿನ್ನೆಲೆಯಲ್ಲಿ ಮುಗಿಸಿಟ್ಟಿರುತ್ತದೆ. ಜಾಗ ಕಿರಿದಾದಾಗ ಪ್ರತಿ ಬರಹಕ್ಕೂ ಮೊದಲು ಇದ್ದದ್ದನ್ನು ಅತ್ತಿತ್ತ ಸರಿಸಿ, ಅಳಿಸಿ, ಆಮೇಲೆ ಬರೆಯಬೇಕು. ಒಂದು ಸಂದೇಶ ಬಂದರೂ ಡೇಟಾಬೇಸ್‌ಗೆ ಬರಹವಾಗುತ್ತದೆ. ಹಾಗಾಗಿ ಪ್ರೊಸೆಸರ್ ಸುಮ್ಮನಿದ್ದರೂ ಫೋನ್ ತಡವರಿಸುತ್ತದೆ. ಶೇ 10ರಿಂದ 15ರಷ್ಟು ಜಾಗ ಯಾವಾಗಲೂ ಖಾಲಿ ಇರಲಿ ಎನ್ನುವುದು ಇದಕ್ಕೇ.

ಜಾಗ ತೆರವಾದ ಲೆಕ್ಕ ಹೀಗಿದೆ. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್. ಅಲ್ಲಿ 5 ಎಂಬಿಗಿಂತ ದೊಡ್ಡ ಫೈಲ್‌ಗಳೂ ಹಲವು ಬಾರಿ ಫಾರ್ವರ್ಡ್ ಆದವೂ ಬೇರೆ ಬೇರೆ ಗುಂಪಾಗಿ ಸಿಗುತ್ತವೆ. ಅಳಿಸಿದ್ದು 19 ಜಿಬಿ. ಗ್ಯಾಲರಿಯ ಟ್ರ್ಯಾಶ್‌ನಲ್ಲಿ 6 ಜಿಬಿ ಕುಳಿತಿತ್ತು. ಅಳಿಸಿದ ಫೋಟೊ, ವಿಡಿಯೊ ಅಲ್ಲಿ 30 ದಿನ ಇರುತ್ತವೆ ಎನ್ನುವುದು ಅನೇಕರಿಗೆ ಗೊತ್ತಿರುವುದಿಲ್ಲ. "ಅಳಿಸಿದರೂ ಜಾಗ ಸಿಗುತ್ತಿಲ್ಲ" ಎನ್ನುವವರು ಮೊದಲು ನೋಡಬೇಕಾದ್ದು ಅದನ್ನೇ. ಹಳೆಯ 4ಕೆ ವಿಡಿಯೊಗಳನ್ನು ಎರಡು ಕಡೆ ನಕಲು ಮಾಡಿ, ಎರಡೂ ಕಡೆ ತೆರೆದು ನೋಡಿದ ಮೇಲೆ ಫೋನ್‌ನಿಂದ ತೆಗೆದದ್ದು 12 ಜಿಬಿ. ಸೆಕೆಂಡಿಗೆ 30 ಫ್ರೇಮ್‌ನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 350 ಎಂಬಿ ತಿನ್ನುತ್ತದೆ, ಅದೇ ಫುಲ್ ಎಚ್‌ಡಿ ಆದರೆ ಸುಮಾರು 130. ಮಕ್ಕಳ ಹುಟ್ಟುಹಬ್ಬದ ವಿಡಿಯೊವನ್ನು ಫೋನ್‌ನಲ್ಲೇ ನೋಡುವವರಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊನೆಯದು ರ‍್ಯಾಮ್ ಪ್ಲಸ್. ಸ್ಟೋರೇಜ್‌ನ ಒಂದು ಪಾಲನ್ನು ರ‍್ಯಾಮ್‌ನಂತೆ ಬಳಸುವ ಈ ಸೌಲಭ್ಯಕ್ಕೆ ಇಲ್ಲಿ 4 ಜಿಬಿ ಮೀಸಲಾಗಿತ್ತು. 8 ಜಿಬಿ ನಿಜವಾದ ರ‍್ಯಾಮ್ ಇದ್ದು, ಸ್ಟೋರೇಜ್ ತುಂಬಿ ತುಳುಕುತ್ತಿರುವಾಗ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಆಫ್ ಮಾಡಿ ರೀಸ್ಟಾರ್ಟ್ ಮಾಡಿದ್ದಾಯಿತು. ಎಲ್ಲ ಸೇರಿ ಖಾಲಿ ಜಾಗ 4ರಿಂದ 45 ಜಿಬಿಗೆ ಏರಿತು.

ಇದರ ಮೇಲೆ ಇನ್ನೊಂದು ಕೆಲಸ, ಕ್ಯಾಶ್ ಪಾರ್ಟಿಷನ್, ಅಂದರೆ ವ್ಯವಸ್ಥೆಯ ತಾತ್ಕಾಲಿಕ ಫೈಲ್‌ಗಳಿರುವ ಭಾಗವನ್ನು ಅಳಿಸುವುದು. ಫೋನ್ ಆಫ್ ಮಾಡಿ, ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಿ, ವಾಲ್ಯೂಮ್ ಅಪ್ ಮತ್ತು ಪವರ್ ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ರಿಕವರಿ ಮೆನು ಬರುತ್ತದೆ. ಕೇಬಲ್ ಇಲ್ಲದಿದ್ದರೆ ಈ ಮಾದರಿಯಲ್ಲಿ ಮೆನು ಬರುವುದಿಲ್ಲ, ಬಹಳ ಜನ ಸೋಲುವುದು ಇಲ್ಲಿ. ಆರಿಸಬೇಕಾದ್ದು 'ವೈಪ್ ಕ್ಯಾಶ್ ಪಾರ್ಟಿಷನ್'. ಅದೇ ಮೆನುವಿನಲ್ಲಿ 'ವೈಪ್ ಡೇಟಾ, ಫ್ಯಾಕ್ಟರಿ ರೀಸೆಟ್' ಕೂಡ ಇರುತ್ತದೆ. ಕೈ ಅಲ್ಲಿಗೆ ಹೋದರೆ ಫೋನ್‌ನಲ್ಲಿರುವುದೆಲ್ಲ ಹೋಯಿತು. ಗುಂಡಿ ಒತ್ತುವ ಮೊದಲು ಸಾಲನ್ನು ಎರಡು ಸಲ ಓದಿಕೊಳ್ಳಬೇಕು. ಕೀಬೋರ್ಡ್‌ನ ತಡ ಅಂದೇ ಹೋಯಿತು.

ಮಂಜು ಫೋಟೊದ ಕಾರಣ ನಗು ಬರಿಸುವಂಥದ್ದು. ಕ್ಯಾಮೆರಾ ರಕ್ಷಣೆಗೆಂದು ಅಂಟಿಸಿದ್ದ ಗಾಜಿನ ಬಿಲ್ಲೆಯ ಒಳಗೆ ನಾಲ್ಕು ವರ್ಷದ ಧೂಳು, ಮೇಲೆ ಗೀರು. ಬೆಳಕಿನ ಎದುರು ತೆಗೆದ ಪ್ರತಿ ಚಿತ್ರದಲ್ಲೂ ಬಿಳಿ ಪರದೆ ಎಳೆದಂತೆ ಕಾಣುತ್ತಿದ್ದುದು ಅದರಿಂದ. ಬಿಲ್ಲೆ ಕಿತ್ತು, ಮೈಕ್ರೋಫೈಬರ್ ಬಟ್ಟೆಯಲ್ಲಿ ಮೂಲ ಗಾಜನ್ನು ಒರೆಸಿದ ಮೇಲೆ ಹಗಲಿನ ಫೋಟೊಗಳಲ್ಲಿ ತಕರಾರು ಉಳಿಯಲಿಲ್ಲ. ರಾತ್ರಿ ಮನೆಯೊಳಗೆ ಓಡಾಡುವ ಮಕ್ಕಳ ಚಿತ್ರ ಮಾತ್ರ ಈಗಲೂ ಕಲೆಸಿಹೋಗುತ್ತಿತ್ತು. ಅದು ಬೇರೆ ವಿಷಯ, ಮುಂದೆ ಬರುತ್ತದೆ.

ಚಾರ್ಜ್‌ನ ನಿಧಾನಕ್ಕೆ ಫೋನ್ ಹೊಣೆಯೇ ಅಲ್ಲ. ಬಳಸುತ್ತಿದ್ದುದು 5 ವೋಲ್ಟ್, 2 ಆಂಪಿಯರ್‌ನ ಹಳೆಯ ಚಾರ್ಜರ್, ಅಂದರೆ 10 ವ್ಯಾಟ್. 4,000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ ಸುಮಾರು 15.5 ವ್ಯಾಟ್-ಗಂಟೆ. 10 ವ್ಯಾಟ್‌ನಲ್ಲಿ ಒಂದಿಷ್ಟು ಶಾಖವಾಗಿ ಸೋರಿ, ಕೊನೆಯ ಹಂತದಲ್ಲಿ ಫೋನ್ ತಾನೇ ವೇಗ ಇಳಿಸಿದರೆ ಎರಡು ಗಂಟೆ ದಾಟುವುದು ಸಹಜ. ಎಸ್21 ಹೆಚ್ಚೆಂದರೆ 25 ವ್ಯಾಟ್ ತೆಗೆದುಕೊಳ್ಳುತ್ತದೆ, ಅದೂ ಚಾರ್ಜರ್ 'ಪಿಪಿಎಸ್' ಬಗೆಯದಾಗಿದ್ದರೆ, ಅಂದರೆ ಫೋನ್ ಕೇಳಿದಂತೆ ವೋಲ್ಟೇಜನ್ನು ಸಣ್ಣ ಹೆಜ್ಜೆಗಳಲ್ಲಿ ಬದಲಿಸುವಂಥದ್ದಾಗಿದ್ದರೆ ಮಾತ್ರ. ಚಾರ್ಜರ್ ಮೇಲೆ 3.3–11 ವೋಲ್ಟ್, 2.25 ಆಂಪಿಯರ್ ಎಂಬ ಸಾಲಿದ್ದರೆ ಅದು ಸರಿಯಾದದ್ದು. ಬರಿದೆ '25 ವ್ಯಾಟ್' ಎಂದು ಬರೆದಿದ್ದರೆ ಸಾಲದು. ಜೊತೆಗೆ ಪೋರ್ಟ್‌ನೊಳಗೆ ಜೇಬಿನ ನೂಲು ಗಟ್ಟಿಯಾಗಿ ಕುಳಿತಿತ್ತು. ಪ್ಲಗ್ ಕೊನೆಯವರೆಗೆ ಹೋಗುತ್ತಿರಲಿಲ್ಲ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಅಂಚಿನಗುಂಟ ಕೆದಕಿ ತೆಗೆದರು. ಸೂಜಿ, ಪಿನ್ನು ಬೇಡ. ನಡುವಿನ ತೆಳು ನಾಲಿಗೆಯ ಮೇಲಿರುವ ಸಂಪರ್ಕಗಳು ಬಾಗಿದರೆ ಇಲ್ಲದ ರಿಪೇರಿ ತಲೆಗೆ ಬರುತ್ತದೆ.

ಬ್ಯಾಟರಿ: ಅಳೆದು ನೋಡಿದ್ದು

ಉಳಿದ ಎರಡು ದೂರುಗಳ ಮೂಲ ಒಂದೇ ಎಂಬ ಅನುಮಾನ ಮೊದಲಿಂದಲೂ ಇತ್ತು. ಆದರೆ ಬ್ಯಾಟರಿಯ ವಿಷಯದಲ್ಲಿ ಅನುಮಾನ ಸಾಲದು, ಅಳೆಯಬೇಕು. ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನೊಸ್ಟಿಕ್ಸ್ ಬ್ಯಾಟರಿಯ ಸ್ಥಿತಿಯನ್ನು ಒಂದೆರಡು ಪದದಲ್ಲಿ ಹೇಳುತ್ತದೆಯೇ ಹೊರತು ಅಂಕಿ ಕೊಡುವುದಿಲ್ಲ. ಅಂಕಿ ಬೇಕಾದರೆ ಆಕ್ಯುಬ್ಯಾಟರಿಯಂಥ ಆ್ಯಪ್ ಹಾಕಿ ಕೆಲವು ದಿನ ಕಾಯಬೇಕು. ಒಳಗೆ ಹೋದ ವಿದ್ಯುತ್ತನ್ನು ಏರಿದ ಶೇಕಡಾವಾರಿನಿಂದ ಭಾಗಿಸಿ ಅದು ಪೂರ್ಣ ಸಾಮರ್ಥ್ಯವನ್ನು ಅಂದಾಜು ಮಾಡುತ್ತದೆ. ಒಂದೇ ಸಲದ ಅಳತೆಯನ್ನು ನಂಬುವಂತಿಲ್ಲ. ಚಾರ್ಜ್ ಮಾಡುವಾಗ ಪರದೆ ಆನ್ ಇದ್ದರೂ ಲೆಕ್ಕ ಏರುಪೇರಾಗುತ್ತದೆ. ಇಲ್ಲಿ ಆರು ಸಲ, ಪ್ರತಿ ಸಲವೂ ಕನಿಷ್ಠ ಶೇ 60ರಷ್ಟು ಏರುವಂತೆ ಅಳೆಯಲಾಯಿತು. ಒಂದು ಉದಾಹರಣೆ: ಶೇ 22ರಿಂದ 88ಕ್ಕೆ ಏರಲು ಒಳಗೆ ಹೋದದ್ದು 1,960 ಎಂಎಎಚ್. 1,960ನ್ನು 0.66ರಿಂದ ಭಾಗಿಸಿದರೆ ಸುಮಾರು 2,970. ಆರರ ಸರಾಸರಿಯೂ ಇದರ ಆಸುಪಾಸಿನಲ್ಲೇ ನಿಂತಿತು. ಮೂಲ 4,000ದ ಮುಂದೆ ಶೇ 74. ಪೂರ್ತಿ ಚಾರ್ಜ್‌ಗೆ ಪರದೆ ಆನ್ ಇದ್ದ ಅವಧಿ 3 ಗಂಟೆ 20 ನಿಮಿಷ.

52 ತಿಂಗಳು ಎಂದರೆ ಸುಮಾರು 1,580 ದಿನ. ಸೊನ್ನೆಯಿಂದ ನೂರಕ್ಕೆ ಸಮನಾದ ಚಾರ್ಜ್ ಒಂದು ಆವರ್ತ. ದಿನಕ್ಕೆ ಮುಕ್ಕಾಲು ಆವರ್ತ ಎಂದು ಹಿಡಿದರೂ 1,185 ಆವರ್ತ ಆಗಿಹೋಗಿದೆ. ಈ ವಯಸ್ಸಿಗೆ ಶೇ 74 ಏನೂ ಕೆಟ್ಟದ್ದಲ್ಲ.

ಶೇ 14ರಲ್ಲಿ ಆಫ್ ಆಗುವುದಕ್ಕೆ ಸಾಮರ್ಥ್ಯ ಕುಗ್ಗಿದ್ದು ಕಾರಣವಲ್ಲ, ಒಳರೋಧ, ಅಂದರೆ ವಿದ್ಯುತ್ ಹರಿವಿಗೆ ಬ್ಯಾಟರಿಯೊಳಗೇ ಇರುವ ತಡೆ, ಏರಿದ್ದು ಕಾರಣ. ಲಿಥಿಯಂ-ಅಯಾನ್ ಕೋಶದಲ್ಲಿ ಗ್ರಾಫೈಟ್ ಕಡೆಯ ವಿದ್ಯುದ್ವಾರದ ಮೇಲೆ ತೆಳುವಾದ ಒಂದು ಪೊರೆ ಬೆಳೆಯುತ್ತ ಹೋಗುತ್ತದೆ. ಶಾಖ ಹೆಚ್ಚಿದ್ದಷ್ಟೂ, ಶೇ 100ರಲ್ಲಿ ನಿಂತಿರುವ ಹೊತ್ತು ಹೆಚ್ಚಿದಷ್ಟೂ ಅದು ಬೇಗ ದಪ್ಪವಾಗುತ್ತದೆ. ಕ್ಯಾಮೆರಾ ತೆರೆದಾಗ ಸೆನ್ಸರ್, ಪ್ರೊಸೆಸರ್, ಪರದೆ ಎಲ್ಲವೂ ಒಮ್ಮೆಲೇ ವಿದ್ಯುತ್ ಎಳೆಯುತ್ತವೆ. ರೋಧ ಹೆಚ್ಚಿದ ಬ್ಯಾಟರಿಯ ವೋಲ್ಟೇಜ್ ಆ ಕ್ಷಣ ಕುಸಿಯುತ್ತದೆ. ಮಿತಿಗಿಂತ ಕೆಳಗಿಳಿದರೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆಫ್ ಆಗುತ್ತದೆ. ತಣ್ಣಗಿನ ಹೊತ್ತಿನಲ್ಲಿ ಇದು ಇನ್ನೂ ಬೇಗ. ಹೊರಗೆ ಕೆಲಸ ಮಾಡುವವರಿಗೆ ಇದು ಬರೀ ಕಿರಿಕಿರಿಯಲ್ಲ. ಮ್ಯಾಪ್ ನೋಡುತ್ತಿರುವಾಗಲೋ ಹಣ ಕಳಿಸುತ್ತಿರುವಾಗಲೋ ಫೋನ್ ಕೈಕೊಡುತ್ತದೆ.

ಹಿಂಬದಿಯ ಮುಚ್ಚಳ ಎದ್ದಿದೆಯೇ ಎಂದೂ ಸಪಾಟಾದ ಮೇಜಿನ ಮೇಲಿಟ್ಟು ನೋಡಲಾಯಿತು. ಎದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದರ್ಥ. ಆಗ ಈ ಅಧ್ಯಯನ, ಲೆಕ್ಕಾಚಾರ ಯಾವುದೂ ಇಲ್ಲ, ಅಂದೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ ಬ್ಯಾಟರಿ ತೆಗೆಸಬೇಕು. ಇಲ್ಲಿ ಉಬ್ಬಿರಲಿಲ್ಲ.

ಬ್ಯಾಟರಿ ಬದಲಿಸಬಹುದು. ಎಸ್21ಕ್ಕೆ ಬೇಕಾದ ಬ್ಯಾಟರಿಯ ಸಂಖ್ಯೆ ಇಬಿ-ಬಿಜಿ991ಎಬಿವೈ. ಹಿಂಬದಿ ಪ್ಲಾಸ್ಟಿಕ್ಕಿನದಾದ್ದರಿಂದ, ಗಾಜಿನ ಬೆನ್ನಿನ ಫೋನ್‌ಗಳಂತೆ ತೆಗೆಯುವಾಗ ಒಡೆಯುವ ಭಯ ಕಡಿಮೆ. ಅಪಾಯ ಇರುವುದು ಒಳಗೆ. ಬ್ಯಾಟರಿ ಗಟ್ಟಿಯಾದ ಅಂಟಿನಲ್ಲಿ ಕೂತಿರುತ್ತದೆ. ಆತುರದಲ್ಲಿ ಲೋಹದ ಸಲಕರಣೆಯಿಂದ ಎಬ್ಬಿಸಿದರೆ ಕೋಶ ತೂತಾಗಿ ಹೊತ್ತಿಕೊಳ್ಳಬಹುದು. ಬಿಚ್ಚುವ ಮೊದಲು ಚಾರ್ಜ್ ಶೇ 25ಕ್ಕಿಂತ ಕೆಳಗಿರಲಿ ಎನ್ನುವುದು ಇದೇ ಕಾರಣಕ್ಕೆ. ಮೇಲಿರುವ ವೈರ್‌ಲೆಸ್ ಚಾರ್ಜಿಂಗ್ ಮತ್ತು ಎನ್‌ಎಫ್‌ಸಿ ಸುರುಳಿಯ ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಅವೆರಡೂ ಸತ್ತಂತೆ. ಒಮ್ಮೆ ಬಿಚ್ಚಿದ ಫೋನ್‌ನ ಐಪಿ68 ನೀರುತಡೆಯನ್ನು ಆಮೇಲೆ ನಂಬಬಾರದು. ಹೊಸ ಅಂಟು ಹಾಕಿದರೂ ಕಾರ್ಖಾನೆಯ ಪರೀಕ್ಷೆ ಆಗಿರುವುದಿಲ್ಲ. ಫೋನ್ ಕೊಡುವ ಮುನ್ನ ಡಿವೈಸ್ ಕೇರ್‌ನಲ್ಲಿ ಮೇಂಟೆನೆನ್ಸ್ ಮೋಡ್ ಆನ್ ಮಾಡಿದರೆ ರಿಪೇರಿ ಮಾಡುವವರಿಗೆ ಫೋಟೊ, ಸಂದೇಶ, ಖಾತೆ ಯಾವುದೂ ಕಾಣುವುದಿಲ್ಲ. 2022ರಲ್ಲಿ ಈ ಸೌಲಭ್ಯ ಮೊದಲು ಬಂದದ್ದು ಎಸ್21 ಸರಣಿಗೇ.

ಇಷ್ಟಾದ ಮೇಲೆ ಉತ್ತರ ಸುಲಭ, ಬ್ಯಾಟರಿ ಹಾಕಿಸಿಕೊಳ್ಳುವುದು ಅನ್ನಿಸುತ್ತದೆ. 2024ರ ಜನವರಿಯಲ್ಲಿ ಇದೇ ಪ್ರಶ್ನೆ ಬಂದಿದ್ದರೆ ಅದೇ ಉತ್ತರ.

ಹೇಳದೆ ಉಳಿದಿದ್ದ ಆರನೆಯದು

2022ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಎಸ್21 ಮತ್ತು ಅದರ ನಂತರದ ಎಸ್ ಸರಣಿಯ ಫೋನ್‌ಗಳಿಗೆ ನಾಲ್ಕು ತಲೆಮಾರಿನ ಆಂಡ್ರಾಯ್ಡ್, ಐದು ವರ್ಷದ ಭದ್ರತಾ ಅಪ್‌ಡೇಟ್ ಎಂದು ಘೋಷಿಸಿತು. ಎಸ್21 ಮಾರುಕಟ್ಟೆಗೆ ಬಂದದ್ದು 2021ರ ಜನವರಿಯಲ್ಲಿ, ಆಂಡ್ರಾಯ್ಡ್ 11ರೊಂದಿಗೆ. ನಾಲ್ಕು ತಲೆಮಾರು ಎಂದರೆ ಆಂಡ್ರಾಯ್ಡ್ 15ಕ್ಕೆ ಕೊನೆ. ಐದು ವರ್ಷ ಎಂದರೆ 2026ರ ಆರಂಭಕ್ಕೆ ಕೊನೆ. ಗಮನಿಸಬೇಕಾದ್ದು, ಈ ಗಡಿಯಾರ ಓಡಲು ಶುರುವಾಗುವುದು ಫೋನ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 2025ರ ಜುಲೈಗೆ ಉಳಿದಿದ್ದದ್ದು ಸುಮಾರು ಆರು ತಿಂಗಳು.

ಅಪ್‌ಡೇಟ್ ನಿಂತ ಮರುದಿನ ಫೋನ್ ನಿಲ್ಲುವುದಿಲ್ಲ. ಕ್ರೋಮ್, ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ, ಆ್ಯಪ್‌ಗಳು ಪ್ಲೇ ಸ್ಟೋರ್‌ನಿಂದ ಎಂದಿನಂತೆ ಹೊಸದಾಗುತ್ತಿರುತ್ತವೆ. ಆಂಡ್ರಾಯ್ಡ್ 10ರಿಂದ ಈಚೆಗೆ ವ್ಯವಸ್ಥೆಯ ಕೆಲವು ಭಾಗಗಳು ಕೂಡ ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಮೂಲಕ ಬರುತ್ತವೆ. ವಾಟ್ಸ್ಆ್ಯಪ್ 2025ರಲ್ಲೂ ಆಂಡ್ರಾಯ್ಡ್ 5ರ ಮೇಲೆ ಓಡುತ್ತಿತ್ತು. ದುರಸ್ತಿಯಾಗದೆ ಉಳಿಯುವುದು ಆಂಡ್ರಾಯ್ಡ್‌ನ ತಿರುಳಾದ ಕರ್ನಲ್, ಪ್ರೊಸೆಸರ್ ಮತ್ತು ಗ್ರಾಫಿಕ್ಸ್‌ನ ಡ್ರೈವರ್‌ಗಳು, ಮೊಬೈಲ್ ನೆಟ್‌ವರ್ಕ್ ನೋಡಿಕೊಳ್ಳುವ ಮೋಡೆಮ್‌ನ ಒಳಗಿನ ಸಾಫ್ಟ್‌ವೇರ್. ಇವನ್ನು ಫೋನ್ ತಯಾರಕರು ಮಾತ್ರ ಕೊಡಬಲ್ಲರು, ಪ್ಲೇ ಸ್ಟೋರ್ ಅಲ್ಲ.

ಬ್ಯಾಂಕ್ ಆ್ಯಪ್ ಬಳಸುವವರಿಗೆ ಇದಕ್ಕಿಂತ ಗಟ್ಟಿಯಾದ ಒಂದು ಗಡಿ ಇದೆ. ಫೋನ್ ನಂಬಿಕೆಗೆ ಅರ್ಹವೇ ಎಂದು ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು ಕೇಳುತ್ತವೆ. 2025ರ ಮೇ ತಿಂಗಳಿಂದ, ಆಂಡ್ರಾಯ್ಡ್ 13 ಮತ್ತು ಮೇಲಿನ ಫೋನ್‌ಗಳಲ್ಲಿ ಅದರ ಅತ್ಯಂತ ಬಿಗಿಯಾದ 'ಸ್ಟ್ರಾಂಗ್' ಉತ್ತರ ಸಿಗಬೇಕಾದರೆ ಹಿಂದಿನ 12 ತಿಂಗಳೊಳಗಿನ ಭದ್ರತಾ ಅಪ್‌ಡೇಟ್ ಇರಲೇಬೇಕು. ಎಸ್21ಕ್ಕೆ ಕೊನೆಯ ಅಪ್‌ಡೇಟ್ 2026ರ ಆರಂಭದಲ್ಲಿ ಬಂದರೆ, 2027ರ ಆರಂಭದ ನಂತರ ಈ ಉತ್ತರ ಸಿಗುವುದಿಲ್ಲ. ಎಲ್ಲ ಆ್ಯಪ್‌ಗಳೂ ಇಷ್ಟು ಬಿಗಿಯಾಗಿ ಕೇಳುವುದಿಲ್ಲ. ಕೇಳುವುದೋ ಬಿಡುವುದೋ ಆಯಾ ಆ್ಯಪ್‌ನವರ ಆಯ್ಕೆ. ಆದರೆ ಒಂದು ಬೆಳಗ್ಗೆ ಎದ್ದಾಗ ಬ್ಯಾಂಕ್ ಆ್ಯಪ್ ತೆರೆಯದಿದ್ದರೆ ರಿಪೇರಿಯವರ ಬಳಿ ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಹಾಗಾಗಿ ಎರಡು ತಾರೀಖು: 2026ರ ಜನವರಿ ವಿವೇಕದ ಗಡಿ, 2027ರ ಜನವರಿ ಬಲವಂತದ ಗಡಿ.

ಹೊಸ ಮಾದರಿ ಕಾಗದದ ಮೇಲೆ

ಎಸ್21 ಮತ್ತು ಎಸ್25ರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಮೊದಲು ಕಣ್ಣಿಗೆ ಬೀಳುವುದು ಬದಲಾಗದ್ದು. ಎರಡರ ಪರದೆಯೂ 6.2 ಇಂಚು, 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಹೊಸದಾಗುವಂಥದ್ದು. ಎರಡರ ಬ್ಯಾಟರಿಯೂ 4,000 ಎಂಎಎಚ್. ಎರಡೂ 25 ವ್ಯಾಟ್. ಎರಡರಲ್ಲೂ ಮೆಮೊರಿ ಕಾರ್ಡ್‌ಗೆ ಜಾಗವಿಲ್ಲ.

ಬ್ಯಾಟರಿಯ ಸಂಖ್ಯೆ ಒಂದೇ ಆದರೂ ಬಾಳಿಕೆ ಒಂದೇ ಅಲ್ಲ. ಎಸ್21ರ ಪ್ರೊಸೆಸರ್ 5 ನ್ಯಾನೊಮೀಟರ್‌ನದು, ಎಸ್25ರದು 3; ಈ ಸಂಖ್ಯೆ ಕಿರಿದಾದಷ್ಟೂ ಅದೇ ಕೆಲಸಕ್ಕೆ ಸಾಮಾನ್ಯವಾಗಿ ವಿದ್ಯುತ್ ಕಡಿಮೆ ಸಾಕು. ಪರದೆ ಎಸ್21ರಲ್ಲಿ 48 ಹರ್ಟ್ಸ್‌ಗಿಂತ ಕೆಳಗಿಳಿಯುವುದಿಲ್ಲ. ಹೊಸದರಲ್ಲಿ ನಿಂತ ಚಿತ್ರ ನೋಡುವಾಗ 1 ಹರ್ಟ್ಸ್‌ವರೆಗೆ ಇಳಿಯುತ್ತದೆ. ಪರದೆಯ ಗರಿಷ್ಠ ಹೊಳಪು 1,300 ನಿಟ್ಸ್‌ನಿಂದ 2,600ಕ್ಕೆ ಏರಿದೆ. ಬಿಸಿಲಲ್ಲಿ ಮ್ಯಾಪ್ ನೋಡುವ ಈ ಬಳಕೆದಾರರಿಗೆ ಪಟ್ಟಿಯಲ್ಲಿ ನಿಜವಾಗಿ ಬೇಕಾದ ಸಾಲು ಅದೊಂದೇ.

ಕ್ಯಾಮೆರಾದಲ್ಲಿ 12 ಮೆಗಾಪಿಕ್ಸೆಲ್ 50 ಆಗಿದೆ ಎನ್ನುವುದು ಜಾಹೀರಾತಿನ ಭಾಷೆ. ಬೆಳಕಿನ ಲೆಕ್ಕದಲ್ಲಿ ನೋಡಬೇಕಾದ್ದು ಸೆನ್ಸರ್‌ನ ಅಳತೆ: 1/1.76 ಇಂಚು ಇದ್ದದ್ದು 1/1.56 ಆಗಿದೆ. 1.76ನ್ನು 1.56ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1.27. ಬೆಳಕು ಒಳಬಿಡುವ ತೆರಪನ್ನು ಹೇಳುವ ಮಸೂರದ ಎಫ್ ಸಂಖ್ಯೆ ಎರಡರಲ್ಲೂ 1.8. ಹಾಗಾದರೆ ಸಿಗುವ ಹೆಚ್ಚುವರಿ ಬೆಳಕು ಕಾಲು ಭಾಗಕ್ಕಿಂತ ತುಸು ಹೆಚ್ಚು. ಛಾಯಾಗ್ರಾಹಕರ ಮಾತಿನಲ್ಲಿ ಒಂದು ಸ್ಟಾಪ್‌ನ ಮೂರನೇ ಒಂದು ಪಾಲು. ಓಡುವ ಮಗುವನ್ನು ರಾತ್ರಿ ಹಿಡಿದು ನಿಲ್ಲಿಸಲು ಇದು ಸಾಲದು. ಸಾಫ್ಟ್‌ವೇರ್ ಒಂದಿಷ್ಟು ತುಂಬಿಕೊಡುತ್ತದೆ. ಆದರೂ ಕೋಣೆಯಲ್ಲಿ ಇನ್ನೊಂದು ದೀಪ ಹಾಕಿದರೆ ಆಗುವ ಲಾಭ ಮಾದರಿ ಬದಲಿಸಿದ್ದಕ್ಕಿಂತ ದೊಡ್ಡದು.

ನಿಜವಾದ ಅಂತರ ಅಪ್‌ಡೇಟ್‌ನದು. 2024ರ ಜನವರಿಯ ಎಸ್24ರಿಂದ ಈಚೆಗೆ ಏಳು ವರ್ಷ. ಎಸ್24ಕ್ಕೆ 2031ರ ಆರಂಭದವರೆಗೆ, ಎಸ್25ಕ್ಕೆ 2032ರ ಆರಂಭದವರೆಗೆ. ಮಧ್ಯದ ಎಸ್23 ಹಳೆಯ ಐದು ವರ್ಷದ ಲೆಕ್ಕದಲ್ಲೇ ಇದೆ, 2028ರ ಆರಂಭಕ್ಕೆ ಮುಗಿಯುತ್ತದೆ. ಎಸ್23ರಿಂದ ಎಸ್24ಕ್ಕೆ ಒಂದೇ ವರ್ಷದ ಅಂತರ, ಸಿಗುವ ಆಯುಸ್ಸಿನಲ್ಲಿ ಮೂರು ವರ್ಷದ ಅಂತರ.

ತಿಂಗಳ ಲೆಕ್ಕ

ಹೊಸ ಎಸ್25ರ ಬೆಲೆಯನ್ನು 100 ಎಂದು ಹಿಡಿದು ಉಳಿದದ್ದನ್ನೆಲ್ಲ ಅದರ ಅಂಶವಾಗಿ ಬರೆದುಕೊಳ್ಳಲಾಯಿತು. ಈ ಅಂಕಿಗಳು ಈ ಪ್ರಕರಣದವು. ಓದುವವರು ತಮಗೆ ಸಿಕ್ಕ ಬೆಲೆ ಹಾಕಿಕೊಳ್ಳಬೇಕು. ಹೊಸದಾಗಿಯೇ ಸಿಗುತ್ತಿದ್ದ, 256 ಜಿಬಿಯ ಎಸ್24ಕ್ಕೆ 68. ಅಸಲಿ ಬ್ಯಾಟರಿ, ಕೂಲಿ ಸೇರಿ 9. ಹಳೆಯ ಎಸ್21ಕ್ಕೆ ಎಕ್ಸ್‌ಚೇಂಜ್‌ನಲ್ಲಿ ಆ ಹೊತ್ತಿಗೆ 16. ಆರು ತಿಂಗಳ ಮೇಲೆ 12, ಹದಿನೆಂಟು ತಿಂಗಳ ಮೇಲೆ 6 ಎಂಬ ಅಂದಾಜು.

ಬ್ಯಾಟರಿ ಹಾಕಿಸಿ ವಿವೇಕದ ಗಡಿಯವರೆಗೆ, ಅಂದರೆ ಆರು ತಿಂಗಳು ಬಳಸಿದರೆ: 9 ಖರ್ಚು, ಹಳೆಯ ಫೋನ್ ಕಳೆದುಕೊಂಡ ಬೆಲೆ 4, ಒಟ್ಟು 13. ತಿಂಗಳಿಗೆ 2.2. ಎಲ್ಲಕ್ಕಿಂತ ದುಬಾರಿ ದಾರಿ ಇದು. ಬಲವಂತದ ಗಡಿಯವರೆಗೆ ಎಳೆದರೆ 9 ಮತ್ತು 10 ಸೇರಿ 19, ಹದಿನೆಂಟು ತಿಂಗಳಿಗೆ ಹಂಚಿದರೆ 1.06. ಎಸ್25 ಕೊಂಡರೆ ಕೈಯಿಂದ ಹೋಗುವುದು 84. ಈ ಬಳಕೆದಾರರು ಫೋನನ್ನು ನಾಲ್ಕು ವರ್ಷ ಇಟ್ಟುಕೊಳ್ಳುವವರು, ಆಗ 16 ಮರಳಿ ಬಂದರೆ 68, ತಿಂಗಳಿಗೆ 1.42. ಎಸ್24 ಕೊಂಡರೆ ಹೋಗುವುದು 52, ಮರಳುವುದು 10 ಎಂದಿಟ್ಟುಕೊಂಡರೆ 42, ತಿಂಗಳಿಗೆ 0.88. ಬಳಸಿದ ಎಸ್23 ಕೂಡ ವಿಚಾರಿಸಿದ್ದಾಯಿತು. ಅದಕ್ಕೂ ಬೇಗನೆ ಬ್ಯಾಟರಿ ಬೇಕಾಗುವುದರಿಂದ, ಉಳಿದ 31 ತಿಂಗಳಿಗೆ ಹಂಚಿದಾಗ ಹೊಸ ಎಸ್24ಕ್ಕಿಂತ ಏನೂ ಉಳಿಯಲಿಲ್ಲ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಹಳೆಯ ಫೋನ್ ಕಳೆದುಕೊಳ್ಳುತ್ತಿರುವ ಬೆಲೆ. ಅದನ್ನು ಬಿಟ್ಟು ಬರೀ 9ನ್ನು 68ರ ಪಕ್ಕ ಇಟ್ಟರೆ ರಿಪೇರಿ ಯಾವಾಗಲೂ ಗೆಲ್ಲುತ್ತದೆ. ಹೊಸ ಬ್ಯಾಟರಿ ಹಾಕಿಸಿದ್ದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಸಾಮಾನ್ಯವಾಗಿ ಏನೂ ಹೆಚ್ಚು ಸಿಗುವುದಿಲ್ಲ. ಅವರು ನೋಡುವುದು ಪರದೆ, ಕ್ಯಾಮೆರಾ, ಗುಂಡಿಗಳನ್ನು. ಹಾಗಾಗಿ ಬ್ಯಾಟರಿಗೆ ಹಾಕಿದ ಹಣ ಮುಂದಿನ ಬಳಕೆಯಿಂದಲೇ ತೀರಬೇಕು. 2024ರ ಜನವರಿಯಲ್ಲಿ ಆ 9 ಅಂಶ 24 ತಿಂಗಳಿಗೆ ಹರಡುತ್ತಿತ್ತು. 2025ರ ಜುಲೈನಲ್ಲಿ ಆರೇ ತಿಂಗಳಿಗೆ. ರಿಪೇರಿಯೂ ಅದೇ, ಬಿಡಿಭಾಗವೂ ಅದೇ. ಹೊತ್ತು ಮೀರಿತ್ತು ಅಷ್ಟೇ.

ಬ್ಯಾಂಕ್ ಆ್ಯಪ್ ಇಲ್ಲದ, ಮನೆಯಲ್ಲೇ ಇರುವವರ ಫೋನ್ ಆಗಿದ್ದರೆ ಬ್ಯಾಟರಿ ಹಾಕಿಸಿ ಎರಡು ವರ್ಷ ನಿಶ್ಚಿಂತೆಯಿಂದ ಬಳಸಿ ಎನ್ನಬಹುದಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಹೊಸ ಮಾದರಿಗಳ ಬ್ಯಾಟರಿ 800 ಆವರ್ತದ ನಂತರವೂ ಶೇ 80 ಉಳಿಸಿಕೊಳ್ಳಬೇಕು, ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು ಎಂಬ ನಿಯಮ ಬಂದಿದೆ. ಮುಂದಿನ ತಲೆಮಾರಿನ ಫೋನ್‌ಗಳಿಗೆ ಈ ಇಡೀ ಲೆಕ್ಕ ಬೇರೆಯಾಗಿರುತ್ತದೆ.

ತೀರ್ಮಾನ, ವರ್ಗಾವಣೆ

ತೀರ್ಮಾನ: ಬ್ಯಾಟರಿಯೂ ಬೇಡ, ಎಸ್25 ಕೂಡ ಬೇಡ, ಎಸ್24, 256 ಜಿಬಿ. ಎಸ್25ರಲ್ಲಿ ರ‍್ಯಾಮ್ 12 ಜಿಬಿ, ಎಸ್24ರಲ್ಲಿ 8. ಗೇಮ್ ಆಡದವರಿಗೆ ಆ 4 ಜಿಬಿಗೂ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್‌ಗೂ 32 ಅಂಶ ಕೊಡುವ ಕಾರಣ ಕಾಣಲಿಲ್ಲ. ಪರದೆಯ 2,600 ನಿಟ್ಸ್, ಮುಖ್ಯ ಕ್ಯಾಮೆರಾದ ಸೆನ್ಸರ್ ಅಳತೆ ಎರಡರಲ್ಲೂ ಒಂದೇ. 256 ಜಿಬಿಯದನ್ನೇ ಆರಿಸಿದ್ದಕ್ಕೆ ಜಾಗವಷ್ಟೇ ಕಾರಣವಲ್ಲ: ಎಸ್24ರಲ್ಲಿ 128 ಜಿಬಿಯದಕ್ಕೆ ಹಿಂದಿನ ತಲೆಮಾರಿನ ಯುಎಫ್‌ಎಸ್ 3.1 ಸ್ಟೋರೇಜ್, 256ರದಕ್ಕೆ ವೇಗದ 4.0. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಮಾದರಿ ಸಂಖ್ಯೆ ತಮ್ಮ ಪ್ರದೇಶದ್ದೇ ಎಂದು ನೋಡಿಕೊಂಡರು; ಬೇರೆ ಕಡೆಯದಾದರೆ ನೆಟ್‌ವರ್ಕ್ ಬ್ಯಾಂಡ್‌ಗಳೂ ವಾರಂಟಿಯೂ ತೊಡಕಾಗುತ್ತವೆ.

ಹಳೆಯದನ್ನು ಮೊದಲೇ ಚೊಕ್ಕ ಮಾಡಿದ್ದರಿಂದ ಸ್ಯಾಮ್‌ಸಂಗ್‌ನ ವರ್ಗಾವಣೆ ಆ್ಯಪ್ ಸ್ಮಾರ್ಟ್ ಸ್ವಿಚ್ ಕಸ ಹೊತ್ತು ತರಲಿಲ್ಲ. ಅದು ತರದೇ ಇರುವುದನ್ನು ಮಾತ್ರ ಕೈಯಾರೆ ಮಾಡಬೇಕಾಯಿತು. ವಾಟ್ಸ್ಆ್ಯಪ್ ಮಾತುಕತೆಗಳಿಗೆ ಅದರದ್ದೇ ಚಾಟ್ ವರ್ಗಾವಣೆ ಇದೆ. ಹೊಸ ಫೋನ್‌ನಲ್ಲಿ ಮೂಡುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಬೇಕು, ಎರಡೂ ಫೋನ್ ಹತ್ತಿರವಿರಬೇಕು, ವೈ-ಫೈ ಆನ್ ಇರಬೇಕು. ಎರಡು ಹಂತದ ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ನಿಂದ ಖಾತೆಗಳನ್ನು ಹಳೆಯ ಫೋನ್ ಕೈಯಲ್ಲಿರುವಾಗಲೇ ಎಕ್ಸ್‌ಪೋರ್ಟ್ ಮಾಡಬೇಕು. ಇದನ್ನು ಮರೆತು ಫೋನ್ ಅಳಿಸಿದವರು ತಮ್ಮ ಖಾತೆಗಳಿಂದ ತಾವೇ ಹೊರಗುಳಿಯುತ್ತಾರೆ. ಬ್ಯಾಂಕ್ ಆ್ಯಪ್‌ಗಳು ಬಹುತೇಕ ಫೋನ್‌ಗೆ ಕಟ್ಟಿಕೊಂಡಿರುತ್ತವೆ. ಸಿಮ್ ಹೊಸ ಫೋನ್‌ಗೆ ಹಾಕಿದ ಮೇಲೆ ಮತ್ತೆ ನೋಂದಾಯಿಸಬೇಕು, ಕೆಲವು ಕಡೆ ಮೊದಲ ದಿನ ಹಣ ಕಳಿಸುವುದಕ್ಕೆ ಕಡಿಮೆ ಮಿತಿ ಇರುತ್ತದೆ. ದೊಡ್ಡ ಪಾವತಿ ಇರುವ ದಿನ ಫೋನ್ ಬದಲಿಸಬಾರದು ಎನ್ನುವುದು ಅದಕ್ಕೆ. ಪ್ರತ್ಯೇಕ ಬೀಗವಿರುವ ಸೆಕ್ಯೂರ್ ಫೋಲ್ಡರ್‌ನಲ್ಲಿ ಇಟ್ಟದ್ದು ಬಂದಿದೆಯೇ ಎಂದು ಪ್ರತ್ಯೇಕವಾಗಿ ತೆರೆದು ನೋಡಿದರು.

ಎಕ್ಸ್‌ಚೇಂಜ್‌ಗೆ ಹಳೆಯದನ್ನು ಕೊಡುವ ಮುನ್ನ ಹತ್ತು ದಿನ ಹಾಗೇ ಇಟ್ಟುಕೊಳ್ಳಲು ಅವಕಾಶ ಸಿಕ್ಕಿತು. ಏಳನೇ ದಿನ ಒಂದು ಆ್ಯಪ್‌ನ ಹಳೆಯ ಟಿಪ್ಪಣಿಗಳು ಬಂದಿಲ್ಲವೆಂದು ಗೊತ್ತಾಗಿ, ಹಳೆಯದರಿಂದ ತೆಗೆದುಕೊಂಡರು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನೂ ಸ್ಯಾಮ್‌ಸಂಗ್ ಖಾತೆಯನ್ನೂ ತೆಗೆದು, ಅನಂತರ ಫ್ಯಾಕ್ಟರಿ ರೀಸೆಟ್. ಈ ಕ್ರಮ ಮುಖ್ಯ. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ಅಳಿಸಿದರೆ ಫೋನ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತ ಬೀಗ ಹಾಕಿಕೊಳ್ಳುತ್ತದೆ, ಎಕ್ಸ್‌ಚೇಂಜ್ ತಿರಸ್ಕೃತವಾಗುತ್ತದೆ.

ಎಂಟು ವಾರದ ನಂತರ ನೋಡಿದಾಗ ಪರದೆ ಆನ್ ಇರುವ ಅವಧಿ ದಿನಕ್ಕೆ ಆರು ಗಂಟೆಯ ಹತ್ತಿರ; ಸಂಜೆ ಮನೆ ಸೇರುವಾಗ ಶೇ 30 ಉಳಿಯುತ್ತಿತ್ತು. ಹಾಗಾಗಿ ಬ್ಯಾಟರಿ ಪ್ರೊಟೆಕ್ಷನ್‌ನಲ್ಲಿ 'ಮ್ಯಾಕ್ಸಿಮಮ್' ಆರಿಸಿ ಚಾರ್ಜ್‌ನ ಮಿತಿಯನ್ನು ಶೇ 85ಕ್ಕೆ ನಿಲ್ಲಿಸಿದ್ದಾರೆ. ಸ್ಯಾಮ್‌ಸಂಗ್ ಫೋನ್‌ಗಳ ಸಾಫ್ಟ್‌ವೇರ್ ಆದ ಒನ್ ಯುಐನ 7ನೇ ಆವೃತ್ತಿಯಿಂದ ಈ ಮಿತಿಯನ್ನು 80, 85, 90, 95 ಎಂದು ಆರಿಸಿಕೊಳ್ಳಬಹುದು. ರಾತ್ರಿಯ ಫೋಟೊ ತುಸು ಸುಧಾರಿಸಿದೆ, ಓಡುವ ಮಗು ಈಗಲೂ ಕಲೆಸಿಯೇ ಬರುತ್ತದೆ. ಕ್ಯಾಲೆಂಡರ್‌ನಲ್ಲಿ 2028ರ ಜುಲೈಗೆ ಒಂದು ಸಾಲು ಬರೆದಿಡಲಾಗಿದೆ: ಬ್ಯಾಟರಿ ಅಳೆಯುವುದು, ಶೇ 80ಕ್ಕಿಂತ ಕೆಳಗಿದ್ದರೆ ಅದೇ ತಿಂಗಳು ಬದಲಿಸುವುದು. ಆಗ ಮುಂದೆ ಅಪ್‌ಡೇಟ್‌ಗೆ ಇನ್ನೂ 30 ತಿಂಗಳು ಇರುತ್ತದೆ.